ಬೆಲೆಯೇರಿದ ಊಟ

ಊಟದ ಬೆಲೆ ಹೆಚ್ಚಿದಷ್ಟೂ ಅದರ ಗುಣವೂ ಹೆಚ್ಚುವುದೆಂಬ ನಂಬಿಕೆಯು ಈಚೆಗೆ ನಮ್ಮ ಗೃಹಸ್ಥರಲ್ಲಿ ಬಲವಾಗಿ ಬೇರೂರುತ್ತಿದೆ. ಬಟ್ಟೆಯ ವಿಷಯದಲ್ಲಿ ಇದು ಬಹುಮಟ್ಟಿಗೆ ನಿಜ. ಪಾತ್ರೆಗಳ ವಿಷಯದಲ್ಲಿಯೂ ನಿಜವಿರಬಹುದು. ಊಟದ ವಿಷಯದಲ್ಲಿ ಮಾತ್ರ ಇದು ಪದೇಪದೇ ಸುಳ್ಳಾಗುವುದನ್ನು ನಾವು ಕಂಡಿದ್ದೇವೆ. ವಾಚಕರಲ್ಲಿಯೂ ಅನೇಕರು ಕಂಡಿರಬೇಕು. ಆದರೆ ಸಾವಿರಾರು ರೂಪಾಯಿ ತೆತ್ತು ಬಂದ ಮೇಲೆ ರುಚಿಯಿರಲಿಲ್ಲವೆಂದು ಹೇಳಿಕೊಂಡರೆ ತಮ್ಮ ಜಾಣತನಕ್ಕೇ ಕುಂದೆಂದು ಎಲ್ಲರೂ ಸುಮ್ಮನಿರುತ್ತಾರೆ.

ನಾವಿರುವ ಬಿನ್ನಿಪೇಟೆಯು ಭೋಜನವಿಲಾಸಕ್ಕೆ ಹೆಸರಾದ ಸ್ಥಳವಲ್ಲ. 1884ರಲ್ಲಿ ಸ್ಥಾಪಿತವಾದ ಉಣ್ಣೆ, ಹತ್ತಿ, ರೇಷ್ಮೆಗಳ ಗಿರಣಿಯು ಮುಂದೆ ಬಿನ್ನಿ ಕಂಪೆನಿಯವರ ಕೈಸೇರಿತು. ಅವರ ಹೆಸರೇ ಪೇಟೆಗೂ ನಿಂತಿತು. ಗಿರಣಿಯ ಕೂಗಿಗೆ ಎದ್ದು, ಗಿರಣಿಯ ಕೂಗಿಗೆ ಉಂಡು, ಮತ್ತೆ ಅದೇ ಕೂಗಿಗೆ ಮನೆ ಸೇರಿದ ಜನರ ಮಕ್ಕಳು ಮೊಮ್ಮಕ್ಕಳು ನಮ್ಮ ನೆರೆಹೊರೆಯವರು. ಗಿರಣಿ ನಿಂತುಹೋಗಿ, ಅದರ ನೆಲದಲ್ಲಿ ಈಗ ಮುಗಿಲುಮುಟ್ಟುವ ಮನೆಗಳೂ ಮಾಲೂ ಎದ್ದಿವೆ. ಆದರೂ ಗಲ್ಲಿಗಳಲ್ಲಿ ಮುದ್ದೆ, ಸೊಪ್ಪಿನ ಸಾರು, ಅನ್ನ, ಮಜ್ಜಿಗೆಗಳ ಸಣ್ಣ ಊಟದ ಮನೆಗಳು ಉಳಿದುಕೊಂಡಿವೆ. ಅಂಥ ಮನೆಯ ಯಜಮಾನನಿಗೆ ಒಂದು ಭಯ ಸದಾ ಉಂಟು. ಈ ದಿನ ಸಾರು ನೀರಾದರೆ ನಾಳೆ ಆ ಗಿರಾಕಿ ಎದುರು ಬದಿಯ ಅಂಗಡಿಯಲ್ಲಿ ಕುಳಿತಿರುತ್ತಾನೆ. ದಿನವೂ ಬರುವವನ ನಾಲಗೆಗಿಂತ ದೊಡ್ಡ ಪರೀಕ್ಷಕನು ಅಡಿಗೆಯವನಿಗೆ ಇನ್ನೊಬ್ಬನಿಲ್ಲ. ಬಹುಬೆಲೆಯ ಭೋಜನಶಾಲೆಗೆ ಈ ಭಯವಿಲ್ಲ. ಅಲ್ಲಿಗೆ ಹೋಗುವವರಲ್ಲಿ ಬಹುಮಂದಿ ವರ್ಷಕ್ಕೊಮ್ಮೆ, ಹುಟ್ಟಿದ ಹಬ್ಬಕ್ಕೋ ಮದುವೆಯಾದ ದಿನಕ್ಕೋ ಹೋಗುವವರು. ಅವರು ಮತ್ತೆ ಬಾರದಿದ್ದರೂ, ಮುಂದಿನ ವಾರ ಇನ್ನೊಬ್ಬರ ಹುಟ್ಟಿದ ಹಬ್ಬ ಇದ್ದೇ ಇರುತ್ತದೆ!

ಎರಡು ವರ್ಷಗಳ ಕೆಳಗೆ ನಮ್ಮ ತಮ್ಮನ ಮಗನಿಗೆ ನೌಕರಿಯಾಯಿತು. ಮೊದಲ ಸಂಬಳ ಕೈಗೆ ಬಂದೊಡನೆ ಮನೆಯ ಹಿರಿಯರನ್ನು ಒಂದು ಒಳ್ಳೆಯ ಕಡೆಗೆ ಊಟಕ್ಕೆ ಕರೆದೊಯ್ಯಬೇಕೆಂದು ಅವನು ಹಟ ಹಿಡಿದನು. ಎಲ್ಲರಿಗಿಂತ ಮುಖ್ಯವಾಗಿ ಅವನಿಗೆ ಬೇಕಾಗಿದ್ದವರು ನಮ್ಮ ಸೋದರತ್ತೆ. ಅವನು ಓದುತ್ತಿದ್ದ ನಾಲ್ಕು ವರ್ಷವೂ ಬೆಳಗಿನ ಜಾವಕ್ಕೆ ಎದ್ದು ಬುತ್ತಿ ಕಟ್ಟಿಕೊಟ್ಟವರು ಅವರೇ. ಎಪ್ಪತ್ತೆಂಟು ವರ್ಷದ ಆಕೆ ಆ ದಿನ ಪೆಟ್ಟಿಗೆಯಿಂದ ಧರ್ಮಾವರದ ಸೀರೆಯನ್ನು ತೆಗೆದು ಉಟ್ಟರು. ಐವರು ಹೊರಟೆವು. ಊರಿನ ಇನ್ನೊಂದು ಕೊನೆಯಲ್ಲಿದ್ದ ಆ ಭೋಜನಶಾಲೆಯ ಹೆಸರು ಇಲ್ಲಿ ಬೇಡ.

ಒಳಗೆ ದೀಪಗಳು ಬಹಳ, ಬೆಳಕು ಕಡಮೆ. ತಿನಿಸುಗಳ ಪಟ್ಟಿಯನ್ನು ಹುಡುಗನು ತನ್ನ ಫೋನಿನ ಬೆಳಕು ಹಿಡಿದು ಓದಿ ಹೇಳಿದನು. ಓದಿದರೂ ತಿಳಿಯುವಂತಿರಲಿಲ್ಲ, ಒಂದೊಂದು ತಿನಿಸಿಗೂ ಅದು ಬೆಳೆದ ಬೆಟ್ಟದ ಹೆಸರು, ಸುಟ್ಟ ಸೌದೆಯ ಹೆಸರು, ಮೇಲೆ ಉದುರಿಸಿದ ಎಲೆಯ ಹೆಸರು ಇದ್ದುವು. ಕೂಡುವುದಕ್ಕೆ ಮುಂಚೆಯೇ ಸೀಸೆಯ ನೀರನ್ನು ತೆರೆದು ಲೋಟಗಳಿಗೆ ಬಗ್ಗಿಸಿಬಿಟ್ಟರು. ಸೀಸೆಯೊಂದಕ್ಕೆ 180 ರೂಪಾಯಿ. ಮುದ್ರಿತ ಬೆಲೆಗಿಂತ ಹೆಚ್ಚಾಗಿ ಹೋಟೆಲಿನವರು ನೀರನ್ನು ಮಾರಬಹುದೆಂದು ಸರ್ವೋಚ್ಚ ನ್ಯಾಯಾಲಯವು 2017ರ ಡಿಸೆಂಬರಿನಲ್ಲಿ ಹೇಳಿರುವುದರಿಂದ ಈ ಬಗ್ಗೆ ತಕರಾರು ಮಾಡುವಂತಿಲ್ಲ. ಆದರೆ ಬೇಸಗೆಯಲ್ಲಿ ದಾರಿಯ ಬದಿಗೆ ಅರವಟ್ಟಿಗೆ ಇಟ್ಟು ದಾರಿಹೋಕರಿಗೆ ನೀರು ಮಜ್ಜಿಗೆ ಕೊಡುವ ನಾಡಿನಲ್ಲಿ, ಕೇಳದೆ ಬಗ್ಗಿಸಿದ ನೀರಿಗೆ ಬೆಲೆ ಹಾಕುವುದು ನಮಗೆ ಒಗ್ಗದು.

ಅತ್ತೆಯವರಿಗೆ ತಿಳಿದ ಒಂದೇ ಹೆಸರು ರಾಗಿಮುದ್ದೆ. ಅದನ್ನೇ ತರಿಸಿದೆವು. ಒಂದು ಮರದ ಹಲಗೆಯ ಮೇಲೆ ನೆಲ್ಲಿಕಾಯಿಗಾತ್ರದ ಮೂರು ಉಂಡೆಗಳು ಬಂದುವು. ಪಕ್ಕದಲ್ಲಿ ಸಾರು, ಕುಂಕುಮದ ಬೊಟ್ಟಿಟ್ಟಂತೆ ಅಲ್ಲೊಂದು ಇಲ್ಲೊಂದು ಹನಿ. ಬೆಲೆ 690 ರೂಪಾಯಿ. ಅತ್ತೆಯವರು ಕೈಕಟ್ಟಿ ಕುಳಿತೇ ಇದ್ದರು. “ಯಾಕಜ್ಜಿ, ತಿನ್ನಲ್ವಾ?” ಎಂದು ಹುಡುಗ ಕೇಳಿದನು. “ಉಳಿದದ್ದೂ ಬರಲಿ ಕಣಪ್ಪ, ಒಟ್ಟಿಗೇ ಕಲಸ್ಕೋತೀನಿ” ಎಂದರು. ಉಳಿದದ್ದೇನೂ ಇರಲಿಲ್ಲ. ಹುಡುಗನ ಮುಖ ಬಾಡಿತು. ಅವನು ಮತ್ತೆರಡು ಬಗೆ ತರಿಸಿದನು. ಒಂದು ಸಿಹಿಯೋ ಹುಳಿಯೋ ಹೇಳಲಾಗದು, ಇನ್ನೊಂದು ತಣ್ಣಗಾಗಿತ್ತು. ತಣ್ಣಗಿರುವುದೇ ಅದರ ಕ್ರಮವೆಂದು ಮೇಲ್ವಿಚಾರಕರು ಬಂದು ಉಪನ್ಯಾಸ ಕೊಟ್ಟರು.

ಬಡಿಸಲು ನಿಂತಿದ್ದ ಹುಡುಗ ಚನ್ನರಾಯಪಟ್ಟಣದ ಕಡೆಯವನು. ಅತ್ತೆಯವರು ಊರು, ತಾಯಿತಂದೆ, ಹೊಲ ಎಲ್ಲವನ್ನೂ ವಿಚಾರಿಸಿದ್ದರು. ಇದು ಅವರಿಗೆ ಎಲ್ಲಿ ಹೋದರೂ ಇರುವ ರೂಢಿ. ಅವನು ಎರಡು ಸಲ ಸುತ್ತ ನೋಡಿ, ಬಗ್ಗಿ, “ಅಜ್ಜಿ, ನಮ್ಮ ಊಟಕ್ಕೆ ಅಂತ ಅನ್ನ ಹುಳಿ ಮಾಡಿದ್ದಾರೆ, ಒಂಚೂರು ತರಲಾ?” ಎಂದನು. ಬಟ್ಟಲಲ್ಲಿ ಬಿಸಿಯಾದ ಅನ್ನ, ಅದರ ಮೇಲೆ ಹುರುಳಿಕಾಯಿ ಹುಳಿ ಬಂತು. ಆ ರಾತ್ರಿ ಅತ್ತೆಯವರು ಹೊಟ್ಟೆತುಂಬ ಉಂಡದ್ದು ಅದನ್ನೇ. ಪಟ್ಟಿಯಲ್ಲಿ ಹೆಸರಿಲ್ಲದ, ಬಿಲ್ಲಿನಲ್ಲಿ ಬೆಲೆಯಿಲ್ಲದ, ಕೆಲಸದವರ ಪಾಲಿನ ಊಟ. “ಇನ್ನು ಸ್ವಲ್ಪ?” ಎಂದು ಅಲ್ಲಿ ಕೇಳಿದವನೂ ಅವನೊಬ್ಬನೇ.

ಬಿಲ್ಲು ಬಂತು. ತಿನಿಸಿಗೆ 9,600, ನೂರಕ್ಕೆ ಹತ್ತರಂತೆ ಸೇವಾಶುಲ್ಕ 960, ಇವೆರಡರ ಮೇಲೂ ನೂರಕ್ಕೆ ಐದರಂತೆ ತೆರಿಗೆ 528, ಒಟ್ಟು 11,088 ರೂಪಾಯಿ. ಈ ಲೆಕ್ಕವನ್ನು ಗೃಹಸ್ಥರು ಸ್ವಲ್ಪ ತಿಳಿದುಕೊಳ್ಳುವುದು ಲೇಸು. ತೆರಿಗೆಯನ್ನು ಕೊಡಲೇಬೇಕು. 2017ರ ನವೆಂಬರ್ 15ರಿಂದ ಭೋಜನಶಾಲೆಗಳಿಗೆ ಅದು ನೂರಕ್ಕೆ ಐದು. ದಿನಕ್ಕೆ 7,500 ರೂಪಾಯಿಗೆ ಮೇಲ್ಪಟ್ಟ ಬಾಡಿಗೆಯ ಕೊಠಡಿಗಳಿರುವ ಹೋಟೆಲುಗಳೊಳಗೆ ಮಾತ್ರ ಹದಿನೆಂಟು. ಸೇವಾಶುಲ್ಕದ ಕಥೆ ಬೇರೆ. ಅದು ಸರ್ಕಾರಕ್ಕೆ ಸೇರುವ ಹಣವಲ್ಲ. ಅದನ್ನು ತಾನಾಗಿ ಬಿಲ್ಲಿಗೆ ಸೇರಿಸಕೂಡದು, ಬಲವಂತ ಮಾಡಕೂಡದು, ಅದನ್ನು ಸೇರಿಸಿ ಅದರ ಮೇಲೆ ತೆರಿಗೆ ಹಾಕಕೂಡದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈ 4ರಂದು ವಿಧಿಸಿತು. ಹೋಟೆಲುಗಳ ಸಂಘಗಳು ದೆಹಲಿಯ ಉಚ್ಚ ನ್ಯಾಯಾಲಯಕ್ಕೆ ಹೋದುವು. 2025ರ ಮಾರ್ಚ್ 28ರಂದು ನ್ಯಾಯಾಲಯವು ಪ್ರಾಧಿಕಾರದ ಪರವಾಗಿಯೇ ತೀರ್ಪಿತ್ತಿತು. ದೂರು ಹೇಳಬೇಕಾದವರಿಗೆ 1915 ಎಂಬ ದೂರವಾಣಿಯುಂಟು.

ಶುಲ್ಕವನ್ನು ತೆಗೆಯಬೇಕೆಂದು ನಾವು ಕೇಳಿದೆವು. ಮೇಲ್ವಿಚಾರಕರ ನಗೆ ಮಾಯವಾಯಿತು. ಪಕ್ಕದ ಮೇಜಿನವರು ತಿರುಗಿದರು. “ಬಿಡಿ ದೊಡ್ಡಪ್ಪ, ಹೋಗಲಿ” ಎಂದು ನಮ್ಮ ಹುಡುಗ ಕೈಹಿಡಿದನು. ಆ ಕೈ ಬೆವರಿತ್ತು. ಆ ಮನೆಯ ಬಲವೆಲ್ಲವೂ ಇಲ್ಲಿಯೇ ಇರುವುದು: ಹಿರಿಯರೆದುರು, ನಾಲ್ಕು ಜನರೆದುರು, ಸಂಭ್ರಮದ ದಿನ ಯಾವನೂ ಹಣದ ಮಾತೆತ್ತಲಾರನೆಂಬುದು ಅವರಿಗೆ ಚೆನ್ನಾಗಿ ಗೊತ್ತು. ಅತ್ತೆಯವರು ನಡುವೆ, “ಅದೇನಪ್ಪ ಸೇವಾಶುಲ್ಕ? ಬಡಿಸೋದಕ್ಕೆ ದುಡ್ಡೇ? ಹಾಗಾದರೆ ಅದನ್ನ ಈ ಮಗೂಗೆ ಕೊಡಿ” ಎಂದು ಬಡಿಸಿದವನನ್ನು ತೋರಿಸಿದರು. ಅವನು ನೆಲ ನೋಡಿದನು. ಬಿಲ್ಲು ಒಳಕ್ಕೆ ಹೋಗಿ 10,080 ಆಗಿ ಹಿಂದಿರುಗಿತು. ಹೊರಡುವಾಗ ಬಾಗಿಲ ಬಳಿ ಅತ್ತೆಯವರೇ ಆ ಹುಡುಗನ ಕೈಯಲ್ಲಿ ಐನೂರು ರೂಪಾಯಿ ಇಟ್ಟರು. ಮೇಲ್ವಿಚಾರಕರತ್ತ ಒಮ್ಮೆ ನೋಡಿ ಅವನು ಬೇಗನೆ ಜೇಬಿಗಿಳಿಸಿದನು.

ದಾರಿಯಲ್ಲಿ ಹುಡುಗನು, “ಹೇಗಿತ್ತು ಅಜ್ಜಿ?” ಎಂದು ಕೇಳಿಯೇ ಕೇಳಿದನು. ಅತ್ತೆಯವರು ತಡೆಯದೆ, “ದೀಪಗಳು ಬಹಳ ಚೆನ್ನಾಗಿದ್ದುವಪ್ಪ” ಎಂದರು. ಅವನು ಕಿಟಕಿಯ ಕಡೆಗೆ ತಿರುಗಿ ಕುಳಿತನು. ಹತ್ತು ಸಾವಿರ ಹೋದುದಕ್ಕೆ ನಮಗೆ ಅಷ್ಟು ದುಃಖವಿಲ್ಲ. ಉಣಿಸಿದವರಿಗೆ ತಾನೊಮ್ಮೆ ಉಣಿಸಬೇಕೆಂಬ ಅವನ ಆಸೆಯನ್ನು ಅಷ್ಟು ಹಣ ತೆಗೆದುಕೊಂಡೂ ಅವರು ತೀರಿಸಲಿಲ್ಲವಲ್ಲ, ಅದು ನಮಗೆ ಇನ್ನೂ ನೋಯುತ್ತದೆ.

ಹಳೆಯ ಹೋಟೆಲುಗಳೆಲ್ಲ ಸ್ವರ್ಗವಾಗಿದ್ದುವೆಂದು ನಾವು ಹೇಳುವವರಲ್ಲ. ಜಾತಿಗೊಂದು ಪಂಕ್ತಿ ಹಾಕಿದ, ಕೆಲವರನ್ನು ಬಾಗಿಲಿನಾಚೆಯೇ ನಿಲ್ಲಿಸಿದ ಹೋಟೆಲುಗಳು ಈ ನಾಡಿನಲ್ಲಿದ್ದುವು; ಆ ಪದ್ಧತಿ ಹೋದುದು ಒಳ್ಳೆಯದೇ ಆಯಿತು. ಆದರೆ ಬೆಲೆಗೂ ಅಡಿಗೆಗೂ ಇರಬೇಕಾದ ಸಂಬಂಧವನ್ನು ಬಲ್ಲ ಯಜಮಾನರೂ ಇದ್ದರು. ಪಾರಂಪಳ್ಳಿ ಯಜ್ಞನಾರಾಯಣ ಮಯ್ಯರೂ ಅವರ ಸೋದರರೂ 1924ರಲ್ಲಿ ಪ್ರಾರಂಭಿಸಿದ ಕಾಫಿ ಕ್ಲಬ್ಬು ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ಲಾಲ್‌ಬಾಗ್ ರಸ್ತೆಯ ಆ ಮನೆಯಲ್ಲಿ ಗಿರಾಕಿಗಳು ಅಡಿಗೆಮನೆಯನ್ನು ಕಣ್ಣಾರೆ ನೋಡುವ ಏರ್ಪಾಡಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಕ್ಕದಾಗ ರವೆಯಿಂದ ಇಡ್ಲಿ ಮಾಡಿದವರು ತಾವೆಂದು ಅವರು ಹೇಳಿಕೊಳ್ಳುತ್ತಾರೆ. ತುರ್ತುಪರಿಸ್ಥಿತಿಯ ದಿನಗಳಲ್ಲಿ ಸರ್ಕಾರವು ಹೋಟೆಲು ತಿಂಡಿಗಳ ಬೆಲೆಯನ್ನು ಇಳಿಸಿದಾಗ, ಆ ಬೆಲೆಗೆ ತಮ್ಮ ಗುಣವನ್ನು ಉಳಿಸಲಾಗದೆಂದು ಅವರು ಹೋಟೆಲನ್ನೇ ಮುಚ್ಚಿ, ಹಿಟ್ಟು ಪುಡಿಗಳ ಮಾರಾಟಕ್ಕೆ ಇಳಿದರು. ಕಾಲ ತಿಳಿಯಾದ ಮೇಲೆ ಮತ್ತೆ ತೆರೆದರು. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಎಂಬುದು ಹುಟ್ಟಿದಾಗ ಅಲ್ಲಿ ಕೂಡುವುದಕ್ಕೆ ಪೀಠವೂ ಇರಲಿಲ್ಲ. ನಿಂತೇ ತಿನ್ನಬೇಕು. ಆದರೆ ಅಡಿಗೆಮನೆ ಎದುರಿಗೇ, ದೋಸೆ ಹೆಂಚಿನಿಂದಲೇ ತಟ್ಟೆಗೆ. ಊರ ತುಂಬ ದರ್ಶಿನಿಗಳಾದುವು.

ಹೆಚ್ಚು ಬೆಲೆ ತೆರುವುದೇ ತಪ್ಪೆಂದು ನಮ್ಮ ಮಾತಲ್ಲ. ಒಳ್ಳೆಯ ತುಪ್ಪ, ಒಳ್ಳೆಯ ಬೇಳೆ, ನುರಿತ ಅಡಿಗೆಯವನ ಸಂಬಳ, ಇವಕ್ಕೆಲ್ಲ ಬೆಲೆಯುಂಟು. ಬೆಂಗಳೂರಿನ ನೆಲಬಾಡಿಗೆಯೂ ಸಾಮಾನ್ಯವಲ್ಲ. ಹಿರಿಯರನ್ನು ಕರೆದೊಯ್ಯುವವರು ಮುಂಚೆಯೇ ಒಂದು ಫೋನು ಮಾಡಿ, ಬಿಳಿ ಅನ್ನ ಸಿಕ್ಕುವುದೇ, ಮೊಸರುಂಟೇ, ಸೇವಾಶುಲ್ಕ ಹಾಕುವಿರೇ ಎಂದು ಮೂರು ಪ್ರಶ್ನೆ ಕೇಳಿದರೆ ಸಾಕು. ಉತ್ತರ ಕೊಡುವ ಧ್ವನಿಯಲ್ಲಿಯೇ ಮನೆಯ ಗುಣ ಅರ್ಧ ಗೊತ್ತಾಗುವುದು. ನಮ್ಮ ತಮ್ಮನ ಮಗ ಈಗ ಹಾಗೆಯೇ ಕೇಳುತ್ತಾನೆ. ಬರುವ ತಿಂಗಳು ಅವನ ತಂಗಿಯ ನಿಶ್ಚಿತಾರ್ಥ. ಊಟ ಎಲ್ಲಿ ಎಂಬ ಚರ್ಚೆ ಮನೆಯಲ್ಲಿ ಇನ್ನೂ ಮುಗಿದಿಲ್ಲ. ಅತ್ತೆಯವರು ಮಾತ್ರ ಎಷ್ಟು ಬಾಳೆಯೆಲೆ ಬೇಕಾದೀತೆಂದು ಆಗಲೇ ಎಣಿಸತೊಡಗಿದ್ದಾರೆ.