ಬೋಟಿಗೆ ವಿಮೆ ಉಂಟು, ಕಾಯುವವನಿಗೆ?

ಭೂಪಟದಲ್ಲಿ ಕಾಸರಗೋಡಿನ ಮೇಲೆ ಬೆರಳಿಟ್ಟು ನೇರ ಪಶ್ಚಿಮಕ್ಕೆ ಎಳೆಯುತ್ತಾ ಹೋಗಿ. ಅರಬ್ಬಿ ಸಮುದ್ರ, ಆಫ್ರಿಕಾ, ಅಟ್ಲಾಂಟಿಕ್ ಎಲ್ಲ ದಾಟಿದ ಮೇಲೆ ಹೆಚ್ಚುಕಮ್ಮಿ ಅದೇ ನೇರಕ್ಕೆ ಕ್ಯಾರಿಯಾಕೂ ಎಂಬ ಪುಟ್ಟ ದ್ವೀಪ ಸಿಗುತ್ತದೆ. ಗ್ರೆನಡಾ ದೇಶದ್ದು. ಅಲ್ಲೂ ತೆಂಗು, ಅಲ್ಲೂ ಜೂನ್‌ನಲ್ಲೇ ಮಳೆ ಶುರು. ಆದರೆ ಜೂನ್ 1ರಿಂದ ನವೆಂಬರ್ 30ರವರೆಗೆ ಅಲ್ಲಿ ಹರಿಕೇನ್ ಕಾಲ. ಹರಿಕೇನ್ ಎಂದರೆ ಬೇರೇನಲ್ಲ, ನಾವು ಚಂಡಮಾರುತ ಎನ್ನುತ್ತೇವಲ್ಲ, ಅದೇ.

ಇದನ್ನು ನಮಗೆ ಹೇಳಿದವರು ಮೊದಲು ಮಲ್ಪೆಯ ಟ್ರಾಲ್ ಬೋಟಿನಲ್ಲಿ ಇಂಜಿನ್ ನೋಡಿಕೊಳ್ಳುತ್ತಿದ್ದವರು. ಈಗ ಗ್ರೆನಡಾದಲ್ಲಿ ಶ್ರೀಮಂತರೊಬ್ಬರ ಮೋಟಾರ್ ಯಾಟ್ ಕಾಯುತ್ತಾರೆ. ರಜೆಗೆ ಬಂದಿದ್ದಾರೆ, ಹೆಸರು ಬರೆಯಬೇಡಿ ಎಂದಿದ್ದಾರೆ. ಯಾಟ್ ಎಂದರೆ ಮೋಜಿನ ದೋಣಿ. ಮಲಗುವ ಕೋಣೆ, ಅಡುಗೆಮನೆ, ಎಸಿ ಎಲ್ಲ ಇರುತ್ತದೆ. ಮಾಲೀಕರು ಚಳಿಗಾಲದಲ್ಲಿ ಬಂದು ಸುತ್ತಾಡಿ ಹೋಗುತ್ತಾರೆ. ಹರಿಕೇನ್ ಕಾಲದ ಆರು ತಿಂಗಳು ಅದು ದಡದಲ್ಲಿರಬೇಕು.

ನಮ್ಮಲ್ಲಿ ಜೂನ್, ಜುಲೈ 61 ದಿನ ಮೀನುಗಾರಿಕೆ ನಿಷೇಧ ಬಂದಾಗ ಬೋಟುಗಳನ್ನು ದಕ್ಕೆಯಲ್ಲಿ ಸಾಲಾಗಿ ಕಟ್ಟುತ್ತಾರೆ, ನಾಡದೋಣಿಯನ್ನು ಮರಳಿಗೆ ಎಳೆದು ಮಡಲು ಹೊದಿಸುತ್ತಾರೆ. "ಅಲ್ಲಿ ಅಷ್ಟಕ್ಕೆ ಮುಗಿಯುದಿಲ್ಲ ಮಾರಾಯ್ರೆ" ಎಂದರು. ದೊಡ್ಡ ಕ್ರೇನ್ ಯಾಟನ್ನು ನೀರಿನಿಂದ ಎತ್ತಿ ಯಾರ್ಡಿಗೆ ತರುತ್ತದೆ. ಕೆಳಗೆ ಮರದ ದಿಮ್ಮಿ, ಪಕ್ಕಕ್ಕೆ ಕಬ್ಬಿಣದ ಆಸರೆ. ಮಳೆಗೆ ನೆಲ ಮೆತ್ತಗಾದರೆ ಆಸರೆ ಹೂತು ಯಾಟ್ ವಾಲುತ್ತದೆ, ಅದಕ್ಕೆ ಅಡಿಯಲ್ಲಿ ಪ್ಲೈವುಡ್. ಎರಡೂ ಬದಿಯ ಆಸರೆಗಳನ್ನು ಸರಪಳಿಯಿಂದ ಬಿಗಿದು, ಯಾಟನ್ನು ಅಗಲ ಪಟ್ಟಿಯಿಂದ ನೆಲದಲ್ಲಿ ಹೂತ ಕಾಂಕ್ರೀಟಿಗೆ ಕಟ್ಟಬೇಕು. ಚಪ್ಪರದ ಬಟ್ಟೆ, ಕುಶನ್, ಗಾಳಿಗೆ ಹಾರುವಂಥದ್ದೆಲ್ಲ ತೆಗೆಯಬೇಕು. ತಳದ ಬಿರಡೆಯನ್ನೂ ತೆಗೆದಿಡಬೇಕು, ಇಲ್ಲದಿದ್ದರೆ ಮಳೆನೀರು ಒಳಗೇ ತುಂಬುತ್ತದೆ. ಉಪ್ಪುನೀರು ಹರಿದ ಇಂಜಿನ್ ಕೊಳವೆಗೆ ಸಿಹಿನೀರು ಹಾಯಿಸಬೇಕು. ಡೀಸೆಲ್ ಟ್ಯಾಂಕ್ ತುಂಬಿಸಿಡಬೇಕು. ಖಾಲಿ ಬಿಟ್ಟರೆ ತೇವ ಹನಿಗಟ್ಟಿ ಡೀಸೆಲ್‌ನಲ್ಲಿ ಲೋಳೆ ಬೆಳೆಯುತ್ತದೆ. ಒಳಗೆ ಬೂಷ್ಟು. ಅದನ್ನು ಕರಾವಳಿಯವರಿಗೆ ವಿವರಿಸಬೇಕಾಗಿಲ್ಲ.

ಇಷ್ಟೆಲ್ಲ ಮಾಡಿಸುವುದು ಗಾಳಿಯ ಭಯಕ್ಕಿಂತ ಹೆಚ್ಚಾಗಿ ವಿಮೆಯ ಷರತ್ತು. ಎಲ್ಲಿ ಇಡುತ್ತೀರಿ, ಹೇಗೆ ಕಟ್ಟುತ್ತೀರಿ, ಯಾರು ನೋಡಿಕೊಳ್ಳುತ್ತಾರೆ ಎಂದು ಮೊದಲೇ ಬರೆದುಕೊಡಬೇಕು. ಚಂಡಮಾರುತದಿಂದ ಹಾನಿಯಾದರೆ ಮಾಲೀಕರು ತಾವೇ ಭರಿಸಬೇಕಾದ ಪಾಲು ಮಾಮೂಲಿಗಿಂತ ಜಾಸ್ತಿ. ಇದೆಲ್ಲದರ ಮೇಲೆ ಒಂದು ಗೆರೆ. ಹಲವು ಪಾಲಿಸಿಗಳಲ್ಲಿ ಅದು 12 ಡಿಗ್ರಿ 40 ಮಿನಿಟ್ ಉತ್ತರ ಅಕ್ಷಾಂಶ. ಹರಿಕೇನ್ ಕಾಲದಲ್ಲಿ ಯಾಟ್ ಅದರ ದಕ್ಷಿಣಕ್ಕಿರಬೇಕು. ಗ್ರೆನಡಾ ಗೆರೆಯ ಕೆಳಗಿದೆ, ಆದ್ದರಿಂದಲೇ ಅಲ್ಲಿನ ಯಾರ್ಡುಗಳಿಗೆ ಅಷ್ಟು ಬೇಡಿಕೆ.

ಅಡಿಕೆಗೆ ಹವಾಮಾನ ಆಧಾರಿತ ವಿಮೆ ಮಾಡಿಸಿದವರಿಗೆ ಇದು ಹೊಸತೇನಲ್ಲ. ಪಂಚಾಯತಿನ ಮಳೆಮಾಪಕ ಹೇಳಿದ್ದೇ ಮಳೆ, ನಿಮ್ಮ ತೋಟದಲ್ಲಿ ಸುರಿದದ್ದಲ್ಲ.

ಗಾಳಿಗೆ ಆ ಗೆರೆ ಗೊತ್ತಿಲ್ಲ. 1955ರ ಜಾನೆಟ್ ನಂತರ ಸುಮಾರು ಅರ್ಧ ಶತಮಾನ ಗ್ರೆನಡಾ ಅಂಥ ಹೊಡೆತ ಕಂಡಿರಲಿಲ್ಲ. 2004ರ ಸೆಪ್ಟೆಂಬರ್ 7ರಂದು ಐವನ್ ಬಂತು. 39 ಜನ ಸತ್ತರು, ಹತ್ತರಲ್ಲಿ ಸುಮಾರು ಒಂಬತ್ತು ಮನೆಗಳಿಗೆ ಹಾನಿ. ಯಾರ್ಡುಗಳಲ್ಲಿ ಒಂದು ದೋಣಿ ಇನ್ನೊಂದರ ಮೇಲೆ ಉರುಳಿ ಸಾಲುಸಾಲೇ ಮಲಗಿದವು. 2024ರ ಜುಲೈ 1ರಂದು ಬೆರಿಲ್ ನೇರ ಕ್ಯಾರಿಯಾಕೂಗೇ ಅಪ್ಪಳಿಸಿತು. ಕಾಂಡ್ಲಾ ಕಾಡಿನ ಮರೆಯಲ್ಲಿ ಉಳಿಯಬಹುದೆಂದು ಟಿರೆಲ್ ಕೊಲ್ಲಿಗೆ ಹೋಗಿದ್ದ ಎಷ್ಟೋ ದೋಣಿಗಳು ನುಚ್ಚುನೂರಾದವು. ಆ ಜಾಗವೂ ಗೆರೆಯ ಕೆಳಗೇ ಇದೆ.

ನಮ್ಮವರು ಆ ದಿನ ಮುಖ್ಯ ದ್ವೀಪದ ದಕ್ಷಿಣ ತುದಿಯಲ್ಲಿದ್ದರು, ಅಲ್ಲಿ ಹೊಡೆತ ಕಡಿಮೆ. ಹಿಂದಿನ ಸಂಜೆ ಮಾಲೀಕರ ಮೆಸೇಜ್ ಬಂತಂತೆ: ಪಟ್ಟಿ ಬಿಗಿದ ಫೋಟೊ ಕಳಿಸಿ, ವಿಮೆಯವರು ಕೇಳುತ್ತಾರೆ. ಫೋಟೊ ಕಳಿಸಿ, ಬಾಡಿಗೆ ಕೋಣೆಯ ಕಿಟಕಿಗೆ ಹಲಗೆ ಬಡಿದು ಕೂತರು. ಬೆರಿಲ್ ಬಂದಾಗ ಅಲ್ಲಿ ಹಗಲು, ಇಲ್ಲಿ ರಾತ್ರಿ. ಹೆಂಡತಿ ಬೆಳಗಿನವರೆಗೆ ಫೋನ್ ಹಿಡಿದೇ ಇದ್ದರು.

"ಆ ಕಾಗದದಲ್ಲಿ ನನ್ನ ಹೆಸರು ಉಂಟು, ಬೋಟ್ ನೋಡಿಕೊಳ್ಳುವವ ಅಂತ. ನನಗೆ ಎಂತಾದ್ರೂ ಆದ್ರೆ ಯಾರು ನೋಡುದು ಅಂತ ಅದ್ರಲ್ಲಿ ಇಲ್ಲ" ಎಂದರು. ಚಹಾ ತಂದ ಹೆಂಡತಿ ಲೋಟ ಹಿಡಿದು ಅಲ್ಲೇ ನಿಂತರು.

ಹೊರದೇಶಕ್ಕೆ ಹೋಗುವ ಹುಡುಗರು ಒಂದು ವಿಷಯ ತಿಳಿದಿರಬೇಕು. ಕಡಲ ಕಾರ್ಮಿಕರ 2006ರ ಅಂತಾರಾಷ್ಟ್ರೀಯ ಒಪ್ಪಂದ ಇರುವುದು ವ್ಯಾಪಾರಿ ಹಡಗುಗಳಿಗೆ. ಲಿಖಿತ ಕರಾರು, ಗಾಯವಾದರೆ ಚಿಕಿತ್ಸೆ, ಊರಿಗೆ ಕಳಿಸುವ ಖರ್ಚು ಎಲ್ಲ ಅದರಲ್ಲಿದೆ. ಬಾಡಿಗೆಗೆ ಬಿಡದೆ ಮಾಲೀಕರು ತಾವೇ ಓಡಾಡುವ ಖಾಸಗಿ ಯಾಟಿಗೆ ಸಾಮಾನ್ಯವಾಗಿ ಅದು ಅನ್ವಯಿಸುವುದಿಲ್ಲ. ಅಲ್ಲಿ ನಾವೇ ಕೇಳಿ ಬರೆಸಿಕೊಳ್ಳಬೇಕು.

ಇವರ ಕರಾರು ಎರಡೇ ಪುಟ. ಜೊತೆಗೆ ಕೂತು ಓದಿದೆವು, ಮಾಲೀಕರಿಗೆ ಮೂರು ಪ್ರಶ್ನೆ ಬರೆದೆವು. ಗಾಯವಾದರೆ ಆಸ್ಪತ್ರೆ ಖರ್ಚು ಯಾರದ್ದು, ಚಂಡಮಾರುತದ ದಿನ ಉಳಿಯಲು ಗಟ್ಟಿ ಕಟ್ಟಡ ಯಾವುದು, ಯಾರ್ಡ್ ಹಾಳಾಗಿ ಮುಚ್ಚಿದರೆ ಸಂಬಳ ಬರುತ್ತದಾ. ಆಸ್ಪತ್ರೆ ಖರ್ಚಿಗೆ ವಿಮೆ ಮಾಡಿಸುತ್ತೇನೆ ಎಂದು ಉತ್ತರ ಬಂದಿದೆ. ಉಳಿದೆರಡಕ್ಕೆ ಇನ್ನೂ ಇಲ್ಲ. ಟಿಕೆಟ್ ಮೇ 20ಕ್ಕೆ.