ಬೀಳ್ಕೊಡುವುದಾದರೆ ಊರ ಬಸ್‌ಸ್ಟ್ಯಾಂಡಿನಲ್ಲೇ

ನಮ್ಮ ಊರು ಶೆಟ್ಟಿಕೆರೆ. ಚಿಕ್ಕನಾಯಕನಹಳ್ಳಿಗೂ ತಿಪಟೂರಿಗೂ ನಡುವೆ, ಸುತ್ತಲೂ ತೆಂಗಿನ ತೋಟಗಳ ಮಧ್ಯೆ ಇರುವ ಹೋಬಳಿ ಕೇಂದ್ರ. ಇಲ್ಲಿಂದ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಸುಮಾರು ನೂರೈವತ್ತು ಕಿಲೋಮೀಟರ್ ದಾರಿ. ನಮ್ಮ ಮೊಹಲ್ಲಾದಲ್ಲಿ ವಿಮಾನ ಹತ್ತಿದವರನ್ನು ಬೆರಳೆಣಿಕೆಯಲ್ಲಿ ಹೇಳಬಹುದು. ಆದರೆ ವಿಮಾನ ನಿಲ್ದಾಣವನ್ನು ಹೊರಗಿನಿಂದ ನೋಡದ ಗಂಡಸರು ಮಾತ್ರ ಯಾರೂ ಇಲ್ಲ. ಒಬ್ಬ ಹುಡುಗ ಕೆಲಸಕ್ಕೆಂದು ಸೌದಿಗೋ ದುಬೈಗೋ ಹೊರಟರೆ ಅವನ ಹಿಂದೆ ಇಪ್ಪತ್ತು ಜನ ಹೊರಡುತ್ತಾರೆ. ಹಜ್‌ಗೆ ಹೋಗುವವರಾದರಂತೂ ಕೇಳುವುದೇ ಬೇಡ.

ಇದು ನಮ್ಮಲ್ಲಿ ಮರ್ಯಾದೆಯ ಪ್ರಶ್ನೆ. ಎಷ್ಟು ಗಾಡಿ ಬಂದಿದ್ದವು ಎಂಬುದರ ಮೇಲೆ ಆ ಮನೆಯ ತೂಕ ಗೊತ್ತಾಗುತ್ತದೆ. ಕರೆಯದಿದ್ದರೆ ಚಾಚಾನಿಗೆ ಸಿಟ್ಟು, ಕರೆದರೂ ಸೀಟು ಸಿಗದಿದ್ದರೆ ಮಾಮುವಿಗೆ ಸಿಟ್ಟು. ಹೀಗಾಗಿ ಎರಡು ಗಾಡಿ ಎಂದುಕೊಂಡದ್ದು ಮೂರಾಗುತ್ತದೆ, ಮೂರು ನಾಲ್ಕಾಗುತ್ತದೆ.

ಇಷ್ಟೆಲ್ಲ ಮಾಡಿ ಅಲ್ಲಿಗೆ ಹೋದ ಮೇಲೆ ಆಗುವುದಾದರೂ ಏನು? ಟಿಕೆಟ್ ಇಲ್ಲದವರನ್ನು ಬಾಗಿಲಲ್ಲೇ ತಡೆಯುತ್ತಾರೆ. ಗಾಡಿ ಹೆಚ್ಚು ಹೊತ್ತು ನಿಲ್ಲುವಂತಿಲ್ಲ. ಸೂಟ್‌ಕೇಸ್ ಇಳಿಸಿ, ಅವಸರದಲ್ಲಿ ಎದೆಗಪ್ಪಿಕೊಂಡು, ಒಂದು ದುವಾ ಮಾಡುವಷ್ಟರಲ್ಲಿ ಸೀಟಿ ಊದುತ್ತಾರೆ. ಹೊರಟವನು ಗಾಜಿನ ಆಚೆಗೆ ಹೋಗಿ ಒಮ್ಮೆ ಕೈ ಬೀಸುತ್ತಾನೆ. ಮುನ್ನೂರು ಕಿಲೋಮೀಟರ್ ಹೋಗಿ ಬರುವ ಪ್ರಯಾಣದ ಫಲ ಆ ಮೂರು ನಿಮಿಷ. ಅದಕ್ಕೂ ಎಲ್ಲರಿಗೂ ಸರದಿ ಸಿಗುವುದಿಲ್ಲ.

ನಾವೂ ಇದನ್ನೇ ಮಾಡಿಕೊಂಡು ಬಂದವರು. 2014ರಲ್ಲಿ ನಮ್ಮ ತಮ್ಮ ರಿಯಾದ್‌ಗೆ ಹೊರಟಾಗ ಮೂರು ಗಾಡಿಗಳಲ್ಲಿ ಹೋಗಿದ್ದೆವು. ವಿಮಾನ ಬೆಳಗಿನ ಜಾವಕ್ಕೆ. ಅವನನ್ನು ಒಳಗೆ ಕಳಿಸಿ ವಾಪಸು ಬರುವಾಗ ಗುಬ್ಬಿ ದಾಟಿದ ಮೇಲೆ ಬಿ.ಎಚ್. ರಸ್ತೆಯಲ್ಲಿ ಮಧ್ಯದ ಗಾಡಿ ರಸ್ತೆ ಬಿಟ್ಟು ಹುಣಸೆ ಮರಕ್ಕೆ ಗುದ್ದಿತು. ಓಡಿಸುತ್ತಿದ್ದವನು ನಮ್ಮೂರ ಹುಡುಗನೇ. ಹಿಂದಿನ ರಾತ್ರಿ ಮದುವೆ ಬಾಡಿಗೆಗೆ ಹೋಗಿ ಬಂದಿದ್ದ. ಸತತ ಎರಡು ರಾತ್ರಿ ನಿದ್ದೆಗೆಟ್ಟವನ ಕಣ್ಣು ಒಂದು ಕ್ಷಣ ಮುಚ್ಚಿತ್ತು. ಅಲ್ಲಾಹನ ದಯೆ, ಯಾರ ಜೀವವೂ ಹೋಗಲಿಲ್ಲ. ಆದರೆ ಚಾಚಾರ ಕಾಲು ಎರಡು ಕಡೆ ಮುರಿಯಿತು. ತೆಂಗಿನ ವ್ಯಾಪಾರಕ್ಕೆಂದು ತೋಟ ತೋಟ ಅಲೆಯುತ್ತಿದ್ದ ಮನುಷ್ಯ ಅಂದಿನಿಂದ ಕೋಲು ಹಿಡಿದಿದ್ದಾರೆ. ತಮ್ಮ ರಿಯಾದ್‌ನಲ್ಲಿ ಇಳಿದು ಸಂತೋಷದಿಂದ ಫೋನ್ ಮಾಡಿದಾಗ ನಾವು ತುಮಕೂರಿನ ಆಸ್ಪತ್ರೆಯ ವರಾಂಡದಲ್ಲಿದ್ದೆವು. ಅವನ ಮೊದಲ ಆರು ತಿಂಗಳ ಸಂಬಳ ಆ ಕಾಲಿಗೇ ಹೋಯಿತು. ಇವತ್ತಿಗೂ ಅವನು, "ನನ್ನಿಂದ ಹೀಗಾಯ್ತು" ಎನ್ನುತ್ತಾನೆ. ಅವನಿಂದ ಆದದ್ದಲ್ಲ. ನಮ್ಮ ಮರ್ಯಾದೆಯಿಂದ ಆದದ್ದು.

ಆಮೇಲೆ ಒಂದು ದಿನ ಕುಳಿತು ಲೆಕ್ಕ ಹಾಕಿದೆವು. ಮೂರು ಗಾಡಿಗೆ ಈಗಿನ ಬಾಡಿಗೆ, ಟೋಲ್, ದಾರಿಯ ಊಟ ತಿಂಡಿ ಸೇರಿದರೆ ಇಪ್ಪತ್ತು ಸಾವಿರ ಸುಲಭವಾಗಿ ದಾಟುತ್ತದೆ. 2025ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 12,100 ರೂಪಾಯಿ. ಅಂದರೆ ಒಂದೂವರೆ ಕ್ವಿಂಟಲಿಗಿಂತ ಹೆಚ್ಚು ಕೊಬ್ಬರಿ. ಕಾಯಿ ಕಿತ್ತು, ಅಟ್ಟಕ್ಕೆ ಏರಿಸಿ, ತಿಂಗಳುಗಟ್ಟಲೆ ಕಾದು, ಸುಲಿದು, ಒಡೆದು, ತಿಪಟೂರಿನ ಮಾರುಕಟ್ಟೆಗೆ ಸಾಗಿಸಿದವರಿಗೆ ಮಾತ್ರ ಆ ಒಂದೂವರೆ ಕ್ವಿಂಟಲಿನ ಬೆಲೆ ಗೊತ್ತು.

ಇನ್ನು ಹೊಗೆಯ ಲೆಕ್ಕ. ಲೀಟರಿಗೆ ಹನ್ನೆರಡು ಕಿಲೋಮೀಟರ್ ಓಡುವ ಗಾಡಿಗೆ ಹೋಗಿ ಬರಲು ಇಪ್ಪತ್ತೈದು ಲೀಟರ್ ಡೀಸೆಲ್ ಬೇಕು, ಮೂರು ಗಾಡಿಗೆ ಎಪ್ಪತ್ತೈದು ಲೀಟರ್. ಒಂದು ಲೀಟರ್ ಡೀಸೆಲ್ ಉರಿದರೆ ಅದರ ಇಂಗಾಲ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಒಟ್ಟು ಇನ್ನೂರು ಕಿಲೋ. ಪ್ರಯಾಣಿಕ ಒಬ್ಬನೇ, ಉಳಿದವರೆಲ್ಲ ಬೀಳ್ಕೊಡಲು ಹೋದವರು. ವಿಮಾನದ ಹೊಗೆ ಇದಕ್ಕಿಂತ ಹೆಚ್ಚಲ್ಲವೇ ಎಂದು ಯಾರಾದರೂ ಕೇಳಬಹುದು. ನಿಜ, ಹೆಚ್ಚೇ. ಆದರೆ ದೂರದ ದೇಶಕ್ಕೆ ದುಡಿಯಲು ಹೋಗುವವನಿಗೆ ವಿಮಾನ ಬಿಟ್ಟರೆ ಬೇರೆ ದಾರಿಯಿಲ್ಲ. ಮೂರು ಗಾಡಿ ಬಿಡುವುದು ನಮ್ಮ ಕೈಯಲ್ಲಿದೆ. ಆ ನಿಲ್ದಾಣವನ್ನು 2024–25ರ ಒಂದೇ ವರ್ಷದಲ್ಲಿ ಬಳಸಿದ ಪ್ರಯಾಣಿಕರು ನಾಲ್ಕು ಕೋಟಿಗೂ ಹೆಚ್ಚು. ಅವರಲ್ಲಿ ಬಹುಪಾಲು ಜನ ಕಾರಿನಲ್ಲೇ ಬಂದರೆ ಹೆಬ್ಬಾಳದ ಮೇಲ್ಸೇತುವೆಯ ಗತಿ ಏನೆಂದು ಆ ದಾರಿಯಲ್ಲಿ ಒಮ್ಮೆ ಸಿಕ್ಕಿಕೊಂಡವರಿಗೆ ಹೇಳಬೇಕಾಗಿಲ್ಲ.

ಹಿಂದೆ ಹೀಗಿರಲಿಲ್ಲ. ನಮ್ಮ ದಾದಾ 1973ರಲ್ಲಿ ಹಡಗಿನಲ್ಲಿ ಹಜ್‌ಗೆ ಹೋದವರು. ತಿಪಟೂರಿನಲ್ಲಿ ಮೀಟರ್‌ಗೇಜ್ ರೈಲು ಹತ್ತಿ, ಮೀರಜ್‌ನಲ್ಲಿ ಗಾಡಿ ಬದಲಿಸಿ, ಬೊಂಬಾಯಿ ಸೇರಿ, ಅಲ್ಲಿಂದ ಮೊಘಲ್ ಲೈನ್ ಕಂಪನಿಯ ಹಡಗಿನಲ್ಲಿ ಜೆದ್ದಾಗೆ. ಬೊಂಬಾಯಿಯಿಂದ ಹಜ್ ಹಡಗುಗಳು ಹೋಗುವುದು 1995ರಲ್ಲಿ ನಿಂತಿತು. ದಾದಾರನ್ನು ಕಳಿಸಲು ಯಾರೂ ಬೊಂಬಾಯಿಗೆ ಹೋಗಲಿಲ್ಲ. ಊರ ಬಾಗಿಲಲ್ಲಿ ಎಲ್ಲರೂ ಸೇರಿದ್ದರಂತೆ. ಕೆಲವರು ಎತ್ತಿನ ಗಾಡಿಯಲ್ಲಿ ತಿಪಟೂರು ಸ್ಟೇಷನ್ನಿನವರೆಗೆ ಬಂದರಂತೆ. ಅಷ್ಟಕ್ಕೆ ಬೀಳ್ಕೊಡುಗೆ ಮುಗಿಯಿತು. ಅದರಿಂದ ದಾದಾರ ಮರ್ಯಾದೆ ಕಡಿಮೆಯಾಯಿತೆಂದು ಯಾರೂ ಹೇಳಿದ್ದು ನಾವು ಕೇಳಿಲ್ಲ.

2024ರಲ್ಲಿ ನಮ್ಮ ಅಮ್ಮಿಗೆ ಹಜ್‌ನ ಅವಕಾಶ ಬಂತು. ಜೊತೆಗೆ ಮಾಮು, ಮಾಮಿ. ಮನೆಯಲ್ಲಿ ಮತ್ತೆ ಗಾಡಿಗಳ ಪಟ್ಟಿ ಶುರುವಾಯಿತು. ಐದು ಎಂದರು ಒಬ್ಬರು, ಬಸ್ಸನ್ನೇ ಮಾಡೋಣ ಎಂದರು ಇನ್ನೊಬ್ಬರು. ಅಮ್ಮಿ ಕೇಳುತ್ತಾ ಕುಳಿತಿದ್ದವರು, ಕೋಲು ಹಿಡಿದು ಮೂಲೆಯಲ್ಲಿ ಕುಳಿತಿದ್ದ ಚಾಚಾರ ಕಡೆ ನೋಡಿ, "ಇನ್ನೊಬ್ಬರ ಕಾಲು ಮುರಿಸಿ ನಾನು ತವಾಫ್ ಮಾಡಲಾ?" ಎಂದರು. ಎಲ್ಲರೂ ಸುಮ್ಮನಾದೆವು. "ನನ್ನನ್ನ ಕಳಿಸೋದಾದ್ರೆ ನಮ್ಮೂರ ಬಸ್‌ಸ್ಟ್ಯಾಂಡಲ್ಲೇ ಕಳಿಸಿ. ಬ್ಯಾಗ್ ಹೊರೋಕೆ ಇಬ್ಬರು ಬಂದ್ರೆ ಸಾಕು."

ಯೋಚಿಸಿ ನೋಡಿದರೆ ಅಡ್ಡಿಯೇನೂ ಇರಲಿಲ್ಲ. ಹಜ್ ಯಾತ್ರಿಗಳು ನೇರವಾಗಿ ವಿಮಾನ ನಿಲ್ದಾಣಕ್ಕೆ ಹೋಗಬೇಕಾಗಿಲ್ಲ. ಮುಂಚೆಯೇ ಬೆಂಗಳೂರಿನ ಹೆಗಡೆ ನಗರದ ಹತ್ತಿರ ತಿರುಮೇನಹಳ್ಳಿಯಲ್ಲಿರುವ ಹಜ್ ಭವನಕ್ಕೆ ಹೋಗಿ ವರದಿ ಮಾಡಿಕೊಳ್ಳಬೇಕು. ಅಲ್ಲಿಂದ ಯಾತ್ರಿಗಳನ್ನು ಬಸ್ಸುಗಳಲ್ಲಿ ಒಟ್ಟಿಗೆ ನಿಲ್ದಾಣಕ್ಕೆ ಕರೆದೊಯ್ಯುತ್ತಾರೆ. ಹಾಗಿರುವಾಗ ರಾತ್ರಿ ಪ್ರಯಾಣದ ಮಾತೇ ಇಲ್ಲ. ಹಗಲು ಹೊತ್ತಿನಲ್ಲಿ ತಿಪಟೂರಿನಿಂದ ರೈಲು ಹಿಡಿದರೆ ಯಶವಂತಪುರದಲ್ಲಿ ಇಳಿಯಬಹುದು. ಇಷ್ಟು ವರ್ಷ ಇದು ನಮಗೆ ಹೊಳೆಯದೇ ಹೋದದ್ದೇ ಆಶ್ಚರ್ಯ.

ಊರಲ್ಲಿ ಮಾತು ಬಂತು. "ಏನ್ ಸಾಬ್ರೇ, ಅಮ್ಮೋರ್ನ ಬಸ್ಸಲ್ಲಿ ಕಳಿಸ್ತೀರಂತೆ? ದುಡ್ಡಿಗೆ ತಾಪತ್ರಯನಾ? ಹೇಳ್ಬಾರ್ದಾ?" ಎಂದು ಪಕ್ಕದ ತೋಟದ ಗೌಡರು ನಿಜವಾದ ಕಳಕಳಿಯಿಂದಲೇ ಕೇಳಿದರು. ನೆಂಟರಲ್ಲಿ ಕೆಲವರು ಮುನಿಸಿಕೊಂಡರು. ಒಬ್ಬರು ದಾವತ್ತಿಗೂ ಬರಲಿಲ್ಲ.

ಹಜ್‌ಗೆ ಹೊರಡುವವರು ಸಾಲ ತೀರಿಸಿ, ನೋಯಿಸಿದವರ ಕ್ಷಮೆ ಕೇಳಿ ಹೊರಡಬೇಕೆನ್ನುವುದು ರೂಢಿ. ಅಮ್ಮಿ ನಾಲ್ಕು ದಿನ ಮನೆ ಮನೆಗೆ ಹೋದರು, ನಮ್ಮವರ ಮನೆಗೂ ಬೇರೆಯವರ ಮನೆಗೂ. ಹೊರಟ ದಿನ ಬೆಳಿಗ್ಗೆ ನಾವು ಬಸ್‌ಸ್ಟ್ಯಾಂಡಿಗೆ ಬಂದಾಗ ಅಲ್ಲಿ ನಿಂತಿದ್ದವರನ್ನು ಕಂಡು ನಮಗೇ ಮಾತು ಹೊರಡಲಿಲ್ಲ. ಗೌಡರ ಮನೆಯ ತೊಂಬತ್ತರ ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿಕೊಂಡು ಬಂದಿದ್ದರು. ನಮ್ಮ ತೋಟದಲ್ಲಿ ಕಾಯಿ ಕೀಳುವವರು, ಸುಲಿಯಲು ಬರುವ ಹೆಂಗಸರು, ಶಾಲೆಗೆ ಹೊರಟಿದ್ದ ಮಕ್ಕಳು, ನಮ್ಮ ಮನೆಯ ಹೆಣ್ಣುಮಕ್ಕಳೆಲ್ಲ ಇದ್ದರು. ಆಗ 2014ರ ಆ ಮೂರು ಗಾಡಿಗಳು ನೆನಪಾದವು. ಇಪ್ಪತ್ತು ಜನರಲ್ಲಿ ಹೆಂಗಸರು ಇಬ್ಬರೇ. ತಮ್ಮನ ಹೆಂಡತಿಗೇ, ಮಗು ಚಿಕ್ಕದು ಎಂದು, ಸೀಟು ಸಿಕ್ಕಿರಲಿಲ್ಲ. ಗಾಡಿಯಲ್ಲಿ ಜಾಗ ಸಿಗುವುದು ಯಾವಾಗಲೂ ಗಂಡಸರಿಗೆ ಮತ್ತು ಉಳ್ಳವರಿಗೆ. ಊರ ಬಸ್‌ಸ್ಟ್ಯಾಂಡಿನಲ್ಲಿ ಯಾರಿಗೂ ಸೀಟಿನ ಹಂಗಿಲ್ಲ. ಅಜ್ಜಿ ಅಮ್ಮಿಯ ಕೈ ಹಿಡಿದುಕೊಂಡು, "ಹೋಗಿ ಬಾರವ್ವ, ಮಳೆ ಬರ್ಲಿ ಅಂತ ಅಲ್ಲೂ ಒಂದು ಮಾತು ಕೇಳು" ಎಂದಿತು. ಅಮ್ಮಿ ಅತ್ತದ್ದು ಆಗಲೇ.

ಬಸ್ಸಿನಲ್ಲಿ ಕಂಡಕ್ಟರ್, "ಎಲ್ಲಿಗೆ ಅಜ್ಜಿ?" ಎಂದ. "ಮಕ್ಕಾಕ್ಕಪ್ಪಾ" ಎಂದರು ಅಮ್ಮಿ. "ನಾನು ತಿಪಟೂರಿನವರೆಗೆ ಕೊಡ್ತೀನಿ, ಮುಂದಿಂದು ದೇವರು ನೋಡ್ಕೋತಾನೆ" ಎಂದು ನಕ್ಕು ಶೂನ್ಯ ದರದ ಚೀಟಿ ಹರಿದು ಕೊಟ್ಟ. ಹೆಂಗಸರಿಗೆ ಸರ್ಕಾರಿ ಬಸ್ಸುಗಳಲ್ಲಿ ದುಡ್ಡಿಲ್ಲದೆ ಹೋಗುವ ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾದದ್ದು. ಹೀಗೆ ಅಮ್ಮಿಯ ಹಜ್ ಯಾತ್ರೆಯ ಮೊದಲ ಹೆಜ್ಜೆಗೆ ಒಂದು ಪೈಸೆಯೂ ಖರ್ಚಾಗಲಿಲ್ಲ. ತಿಪಟೂರಿನಿಂದ ರೈಲು, ಯಶವಂತಪುರದಿಂದ ಎರಡು ಆಟೊ. ಸಂಜೆಯೊಳಗೆ ಹಜ್ ಭವನ. ಕಷ್ಟವೇ ಆಗಲಿಲ್ಲ ಎಂದರೆ ಸುಳ್ಳಾದೀತು. ದೊಡ್ಡ ಸೂಟ್‌ಕೇಸುಗಳನ್ನು ಸ್ಟೇಷನ್ನಿನ ಮೆಟ್ಟಿಲು ಹತ್ತಿಸುವಷ್ಟರಲ್ಲಿ ನಮ್ಮ ಬೆನ್ನು ಬಾಗಿತ್ತು.

ಆ ವರ್ಷದ ಬಿಸಿಲನ್ನು ಇಲ್ಲಿ ಹೇಳಲೇಬೇಕು. 2023ರಲ್ಲಿ ನಮ್ಮ ಕಡೆ ಮಳೆ ಕೈಕೊಟ್ಟಿತ್ತು. 2024ರ ಬೇಸಿಗೆಗೆ ಕೊಳವೆಬಾವಿಗಳು ಬತ್ತಿ, ತೆಂಗಿನ ಗರಿಗಳು ಜೋತುಬಿದ್ದು, ಹರಳುಗಳು ಉದುರುತ್ತಿದ್ದವು. ಅಜ್ಜಿ ಮಳೆ ಕೇಳು ಎಂದದ್ದು ಅದಕ್ಕೇ. ಅತ್ತ ಜೂನ್‌ನಲ್ಲಿ ಮಕ್ಕಾದ ತಾಪಮಾನ ಐವತ್ತು ಡಿಗ್ರಿ ದಾಟಿತು. ಆ ಹಜ್‌ನಲ್ಲಿ 1,301 ಜನ ಮೃತಪಟ್ಟರೆಂದು ಸೌದಿ ಸರ್ಕಾರವೇ ಹೇಳಿತು. ಆ ದಿನಗಳಲ್ಲಿ ನಾವು ಫೋನ್ ಕೈಯಿಂದ ಕೆಳಗಿಟ್ಟಿಲ್ಲ. ಅರಫಾತ್‌ನ ದಿನ ಸಂಜೆಯವರೆಗೂ ಅಮ್ಮಿಯ ಫೋನ್ ಸಿಗಲಿಲ್ಲ. ರಾತ್ರಿ ಸಿಕ್ಕಾಗ, "ನಾನಿದ್ದೀನಿ, ಬಿಸಿಲು ಮಾತ್ರ ಬೆಂಕಿ" ಎಂದರು. ನಮ್ಮ ಊರಿನ ಮೂರು ಗಾಡಿಯ ಹೊಗೆಯಿಂದ ಮಕ್ಕಾ ಕಾಯಿತು ಎಂದು ನಾವು ಹೇಳುವುದಿಲ್ಲ. ಆದರೆ ಲೋಕದ ಬಿಸಿ ಏರುವುದು ಇಂಥ ಸಣ್ಣ ಸಣ್ಣ ಹೊಗೆಗಳೆಲ್ಲ ಸೇರಿಯೇ. ಹರಿಯುವ ನದಿಯ ದಡದಲ್ಲಿ ಕುಳಿತಿದ್ದರೂ ವುಜೂವಿಗೆ ನೀರು ಪೋಲು ಮಾಡಬಾರದೆಂದು ಕಲಿತವರು ನಾವು. ಡೀಸೆಲ್‌ಗೆ ಬೇರೆ ನಿಯಮ ಇರಲು ಸಾಧ್ಯವೇ?

ಅಲ್ಲಿಂದ ಬಂದ ಮೇಲೆ ಅಮ್ಮಿ ಹೆಚ್ಚು ಹೇಳಿದ್ದು ರೈಲುಗಳ ಬಗ್ಗೆ. ಮಿನಾ, ಮುಜ್ದಲಿಫಾ, ಅರಫಾತ್‌ಗಳ ನಡುವೆ 2010ರಿಂದ ರೈಲು ಓಡುತ್ತಿದೆ. ಮಕ್ಕಾ–ಮದೀನಾ ನಡುವೆ 2018ರಲ್ಲಿ ಶುರುವಾದ ಹರಮೈನ್ ರೈಲಿಗೆ ಜೆದ್ದಾ ವಿಮಾನ ನಿಲ್ದಾಣದಲ್ಲೇ ಒಂದು ಸ್ಟೇಷನ್ ಇದೆ. ಪೆಟ್ರೋಲು ಹುಟ್ಟುವ ನಾಡಿನಲ್ಲೇ ಯಾತ್ರಿಗಳಿಗೆ ರೈಲು ಹಾಕಿದ್ದಾರೆ.

ನಮ್ಮಲ್ಲಿ ಏನಿದೆ? ದೇವನಹಳ್ಳಿಯಲ್ಲಿ ವಿಮಾನ ಹಾರಾಟ ಶುರುವಾದದ್ದು 2008ರ ಮೇ ತಿಂಗಳಲ್ಲಿ. ಮೆಜೆಸ್ಟಿಕ್‌ನಿಂದ ಕೆಐಎ-9 ಸಂಖ್ಯೆಯ ವಾಯುವಜ್ರ ಬಸ್ಸು ನಿಲ್ದಾಣಕ್ಕೆ ಹೋಗುತ್ತದೆ. 2021ರ ಜನವರಿಯಲ್ಲಿ ನಿಲ್ದಾಣದ ಹತ್ತಿರವೇ ಒಂದು ಸಣ್ಣ ರೈಲು ನಿಲುಗಡೆ ಆಯಿತು, ಆದರೆ ಅಲ್ಲಿ ನಿಲ್ಲುವ ರೈಲುಗಳು ಕೆಲವೇ. ಹೆಬ್ಬಾಳದ ಮೇಲೆ ಹೋಗುವ ಮೆಟ್ರೊಗೆ 2021ರಲ್ಲಿ ಕೇಂದ್ರದ ಒಪ್ಪಿಗೆ ಸಿಕ್ಕಿತು. ಇವೆಲ್ಲ ಬೆಂಗಳೂರಿನವರಿಗೆ. ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯವರು ಬೆಂಗಳೂರಿನ ಒಳಗೆ ಹೋಗಬೇಕಾದ ಅಗತ್ಯವೇ ಇಲ್ಲ. ತುಮಕೂರು ದಾಟಿ ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿದರೆ ದೊಡ್ಡಬಳ್ಳಾಪುರದ ಮೇಲೆ ನೇರ ದೇವನಹಳ್ಳಿ. ಮೈಸೂರಿನಿಂದ ನಿಲ್ದಾಣಕ್ಕೆ ಸಾರಿಗೆ ಸಂಸ್ಥೆಯ ಫ್ಲೈಬಸ್ ಇರುವಂತೆ, ತಿಪಟೂರಿನಿಂದ ಈ ದಾರಿಯಲ್ಲಿ ರಾತ್ರಿ ವಿಮಾನಗಳಿಗೆ ಹೊಂದುವಂತೆ ಸಂಜೆಗೊಂದು, ಬಂದಿಳಿದವರಿಗೆ ಬೆಳಿಗ್ಗೆಗೊಂದು ಬಸ್ಸು ಓಡಿದರೆ ಸಾಕು. ಇದನ್ನು ಕೇಳಲು ನಮ್ಮ ಜಮಾತಿನವರೂ ತೆಂಗು ಬೆಳೆಗಾರರೂ ಸೇರಿ ಒಂದು ಮನವಿ ಬರೆಯುತ್ತಿದ್ದೇವೆ. ಗೌಡರು ಮೊದಲ ಸಹಿ ತಮ್ಮದೇ ಆಗಬೇಕೆಂದು ಹಟ ಹಿಡಿದಿದ್ದಾರೆ. ಅವರ ಮೊಮ್ಮಗಳು ಓದಲು ಜರ್ಮನಿಗೆ ಹೊರಟಿದ್ದಾಳೆ.

ಒಂದು ಮಾತು ಮುಚ್ಚಿಡಬಾರದು. ಅಮ್ಮಿ ವಾಪಸು ಬಂದ ದಿನ ನಾವು ಕಾರನ್ನೇ ಮಾಡಿದೆವು. ನಲವತ್ತು ದಿನ ದಣಿದ ಮೂವರು ವಯಸ್ಸಾದವರನ್ನು ಬಸ್ಸು ಹತ್ತಿಸಿ ಇಳಿಸುವ ಧೈರ್ಯ ನಮಗೆ ಬರಲಿಲ್ಲ. ಆದರೆ ಒಂದೇ ಕಾರು, ಒಂದು ಸೀಟೂ ಖಾಲಿ ಇರಲಿಲ್ಲ, ಡ್ರೈವರ್ ಹಿಂದಿನ ರಾತ್ರಿ ನಿದ್ದೆ ಮಾಡಿದ್ದಾನೆಯೇ ಎಂದು ಮೊದಲೇ ಕೇಳಿದ್ದೆವು. ಶೆಟ್ಟಿಕೆರೆ ತಲುಪಿದಾಗ ಸಂಜೆ. ಕಾರು ಮನೆಗೆ ಹೋಗುವ ಬದಲು ಅಮ್ಮಿ ಬಸ್‌ಸ್ಟ್ಯಾಂಡಿನಲ್ಲೇ ನಿಲ್ಲಿಸಿದರು. ಅಲ್ಲಿ ಕಾಯುತ್ತಿದ್ದ ಚಾಚಾ ಕೋಲೂರಿಕೊಂಡು ಎದ್ದು ನಿಂತರು. ಅಮ್ಮಿ ಜಂಜಂ ನೀರಿನ ಮೊದಲ ಲೋಟ ಕೊಟ್ಟದ್ದು ಅವರಿಗೆ.