ಹತ್ತಕ್ಕೆ ಎಷ್ಟು ಕೊಡ್ತೀರಿ?

ಮೊನ್ನೆ ಅಬಿಡ್ಸ್ ಹತ್ತಿರದ ಒಂದು ಡಿಗ್ರಿ ಕಾಲೇಜಿನವರು ಕರೆದಿದ್ದರು. ಬಿ.ಎ., ಬಿ.ಕಾಂ., ಬಿ.ಎಸ್ಸಿ. ಮೂರೂ ಕಡೆಯ ಕೊನೇ ವರ್ಷದ ಮಕ್ಕಳ ಬರವಣಿಗೆಗೂ ಮಾತಿಗೂ ಮಾರ್ಕ್ಸ್ ಹಾಕಬೇಕಂತೆ. ಈ ಊರಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಪಾಠ ಹೇಳಿ ರಿಟೈರ್ ಆದವನು ನಾನು. ಇನ್ನೂ ಕರೀತಾರಲ್ಲ ಅಂತ ಖುಷಿಯಿಂದಲೇ ಹೋದೆ.

ನನ್ನ ಜೊತೆ ಒಬ್ಬರು ಕೆಮಿಸ್ಟ್ರಿ ಮೇಡಂ. ಎಲ್ಲರಿಗೂ ಒಂದೇ ಹಾಳೆ: ಉಚ್ಚಾರ, ವ್ಯಾಕರಣ, ಧೈರ್ಯ, ವಿಷಯ. ಬರೆದದ್ದನ್ನು ಓದಿ ಮಾರ್ಕ್ಸ್ ಹಾಕೋದು ಸಲೀಸಾಗಿ ಮುಗಿಯಿತು. ತಂಟೆ ಬಂದದ್ದು ಮಾತಿನಲ್ಲಿ.

ಬಿ.ಕಾಂ. ಹುಡುಗಿಯೊಬ್ಬಳು ಜಿಎಸ್‌ಟಿ ಬಗ್ಗೆ ಐದು ನಿಮಿಷ ನೀರು ಹರಿದ ಹಾಗೆ ಮಾತಾಡಿದಳು. ಒಂಬತ್ತು ಕೊಟ್ಟೆ. ಆಮೇಲೆ ಬಂದ ಬಿ.ಎಸ್ಸಿ. ಹುಡುಗ ತಡವರಿಸಿದ. ಗಡಸು ನೀರಿನಲ್ಲಿ ಸೋಪು ಯಾಕೆ ನೊರೆ ಬರೋಲ್ಲ ಅನ್ನೋದು ಅವನ ವಿಷಯ. ಕ್ರಿಯಾಪದಗಳೆಲ್ಲ ಎಲ್ಲೆಲ್ಲೋ! ಕೊನೆಗೆ ಬೋರ್ಡಿನ ಮೇಲೆ ಚಿತ್ರ ಬರೆದ, ಮನೆಯ ಬೋರ್ ನೀರಿನ ಕಥೆ ಹೇಳಿದ. ನಾನು ನಾಲ್ಕು ಕೊಟ್ಟೆ. ಮೇಡಂ ಎಂಟು.

ಮಧ್ಯಾಹ್ನ ತಾಜ್ ಮಹಲ್ ಹೋಟೆಲಿನಲ್ಲಿ ಊಟಕ್ಕೆ ಕೂತಾಗ ಮೇಡಂ ಕೇಳಿದರು, "ಸಾರ್, ಆ ಹುಡುಗ ಏನು ಹೇಳಿದ?"

"ನೀರಿನಲ್ಲಿರೋ ಕ್ಯಾಲ್ಸಿಯಂ, ಮೆಗ್ನೀಸಿಯಂ ಮೊದಲು ಸೋಪನ್ನ ಹಿಡಿದು ಗಸಿ ಮಾಡ್ತವೆ. ಅವೆಲ್ಲ ಮುಗಿದ ಮೇಲೆ ಉಳಿದ ಸೋಪಿಗಷ್ಟೇ ನೊರೆ."

"ಆ ಹುಡುಗಿ?"

ನೆನಪಾಗಲಿಲ್ಲ. ಇಂಗ್ಲಿಷ್ ಚೆನ್ನಾಗಿತ್ತು, ಅಷ್ಟೇ.

ರಾಯಚೂರಿನ ನಮ್ಮ ದೊಡ್ಡಪ್ಪ 1940ರ ದಶಕದಲ್ಲಿ ಉಸ್ಮಾನಿಯಾದಲ್ಲಿ ವಿಜ್ಞಾನ ಓದಿದವರು. 1918ರಲ್ಲಿ ಶುರುವಾದ ಆ ವಿಶ್ವವಿದ್ಯಾಲಯದಲ್ಲಿ ಆಗ ಪಾಠವೆಲ್ಲ ಉರ್ದುವಿನಲ್ಲಿ. ಅದಕ್ಕಂತಲೇ ಪುಸ್ತಕಗಳನ್ನು ಉರ್ದುವಿಗೆ ತರೋ ಒಂದು ಅನುವಾದ ಇಲಾಖೆಯೂ ಇತ್ತು. ಮನೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಉರ್ದು. ಆದರೂ ನಮಗೆ ಗ್ರಹಣ ಹೇಗಾಗತ್ತೆ ಅಂತ ನಿಂಬೆಹಣ್ಣು, ದೀಪ ಇಟ್ಟು ತೋರಿಸಿದ್ದರು. ಕನ್ನಡ ಮೀಡಿಯಂನಿಂದ ಬಂದ ನಾನಾದರೋ ಇಲ್ಲಿನ ಮೊದಲ ಇಂಟರ್‌ವ್ಯೂನಲ್ಲಿ ಬಾಯಿಬಿಟ್ಟ ಕೂಡಲೇ ಎದುರಿಗಿದ್ದವರು ನಕ್ಕಿದ್ದರು. ನಾಲಿಗೆ ತಿದ್ದಿಕೊಳ್ಳೋಕೆ ವರ್ಷಗಳೇ ಹಿಡಿದವು. ತಿದ್ದಿಕೊಂಡ ನಾಲಿಗೆ ಈಗ ಬೇರೆಯವರಿಗೆ ನಾಲ್ಕು ಕೊಡ್ತಿದೆ ನೋಡಿ.

ವಾಪಸ್ ಬರೋ ಹೊತ್ತಿಗೆ ಕ್ಲರ್ಕ್ ನಮ್ಮಿಬ್ಬರದ್ದೂ ಕೂಡಿಸಿ ಭಾಗಿಸಿ ಆರು ಅಂತ ಬರೆದುಕೊಂಡಿದ್ದ. ಆರು ಅಂದವರು ನಮ್ಮಲ್ಲಿ ಯಾರೂ ಇರಲಿಲ್ಲ! ಹಾಳೆ ವಾಪಸ್ ಇಸಿದುಕೊಂಡು ನನ್ನ ನಾಲ್ಕನ್ನು ಹೊಡೆದು ಎಂಟು ಮಾಡಿದೆ. "ತಿದ್ದಿದ ಕಡೆ ಸೈನ್ ಹಾಕಿ ಸಾರ್" ಅಂದ. ಹಾಕಿದೆ.

ಬೆಳಿಗ್ಗೆ ಬಂದಿದ್ದ ಇನ್ನುಳಿದ ಇಪ್ಪತ್ತೆರಡು ಮಕ್ಕಳ ಹಾಳೆಗಳನ್ನೂ ತಿರುವಿ ಹಾಕಿದೆ. ಯಾರು ಏನು ಹೇಳಿದ್ದರು ಅಂತ ಒಂದೂ ನೆನಪಿರಲಿಲ್ಲ. ಅವು ಹಾಗೇ ಉಳಿದವು.